ಆಟ ಸಪ್ಪೆ ಎನಿಸಿದರೆ ಎಲ್ಲಿ ನೋಡಬೇಕು?

(ಬೋರ್ಡ್ ಗೇಮ್ ಮತ್ತು ಕಂಪ್ಯೂಟರ್ ಗೇಮ್ ಹವ್ಯಾಸದ ಕುರಿತ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

"ಆ ಆಟ ಆಡಿ ನೋಡಿದೆವು, ಯಾಕೋ ಹಿಡಿಸಲಿಲ್ಲ" ಎಂಬ ಮಾತು ಈ ಹವ್ಯಾಸದಲ್ಲಿ ಆಗಾಗ ಕೇಳಿಬರುತ್ತದೆ. ಕೆಲವು ಆಟಗಳು ನಿಜಕ್ಕೂ ಚೆನ್ನಾಗಿರುವುದಿಲ್ಲ, ಅದು ಬೇರೆ ಮಾತು. ಆದರೆ ಸಾವಿರಾರು ಜನ ಖುಷಿಯಿಂದ ಆಡುವ ಆಟ ನಿಮ್ಮ ಮೇಜಿನ ಮೇಲೆ ಮಾತ್ರ ಸಪ್ಪೆಯಾಗಿದ್ದರೆ, ಬಹುಪಾಲು ಸಲ ಅದಕ್ಕೆ ಬೆರಳಿಟ್ಟು ತೋರಿಸಬಹುದಾದ ಕಾರಣ ಇರುತ್ತದೆ. ಆ ಕಾರಣ ಸಾಮಾನ್ಯವಾಗಿ ಮೊದಲ ನಡೆಗಿಂತ ಮುಂಚೆಯೇ ಹುಟ್ಟಿಕೊಂಡಿರುತ್ತದೆ: ಬಿಟ್ಟುಹೋದ ಒಂದು ನಿಯಮ, ಸರಿಯಾಗಿ ಕಲಸದ ಎಲೆಗಳು (ಕಾರ್ಡುಗಳು), ಹೊಂದದ ಆಟಗಾರರ ಸಂಖ್ಯೆ, ಕಂಪ್ಯೂಟರಿನಲ್ಲಾದರೆ ತಪ್ಪಾಗಿ ಕೂತಿರುವ ಒಂದು ಸೆಟ್ಟಿಂಗ್. ಇವತ್ತು ಅವನ್ನೇ ಒಂದೊಂದಾಗಿ ಬಿಚ್ಚಿ ನೋಡೋಣ.

ಎಲ್ಲರೂ ಬಲ್ಲ ಮೊನೊಪಲಿಯಿಂದಲೇ ಶುರು ಮಾಡೋಣ. ಇದರ ಬೇರು 1904ರಲ್ಲಿ ಅಮೆರಿಕದ ಎಲಿಜಬೆತ್ ಮ್ಯಾಗೀ ಪೇಟೆಂಟ್ ಪಡೆದ 'ದಿ ಲ್ಯಾಂಡ್‌ಲಾರ್ಡ್ಸ್ ಗೇಮ್'ನಲ್ಲಿದೆ. ಶುರುವಾದರೆ ಮುಗಿಯುವುದೇ ಇಲ್ಲ ಎಂಬುದು ಇದರ ಮೇಲಿರುವ ದೊಡ್ಡ ದೂರು. ಆದರೆ ಹೆಚ್ಚಿನ ಮನೆಗಳಲ್ಲಿ ಆಡುವುದು ಪುಸ್ತಿಕೆಯಲ್ಲಿ ಬರೆದಿರುವ ಆಟವನ್ನಲ್ಲ. ಪಟದ 40 ಚೌಕಗಳಲ್ಲಿ ಕೊಳ್ಳಬಹುದಾದವು 28. ಯಾರದೂ ಅಲ್ಲದ ಆಸ್ತಿಯ ಮೇಲೆ ನಿಂತವರು ಅದನ್ನು ಕೊಳ್ಳಲು ಒಪ್ಪದಿದ್ದರೆ, ಅದು ತಕ್ಷಣ ಹರಾಜಿಗೆ ಬರಬೇಕು. ಬೇಡವೆಂದವರೂ ಸೇರಿ ಎಲ್ಲರೂ ಕೂಗಬಹುದು. ಈ ಒಂದು ನಿಯಮ ಬಿಟ್ಟರೆ ಆಸ್ತಿಗಳು ಸುತ್ತಿನ ಮೇಲೆ ಸುತ್ತು ಹಾಗೆಯೇ ಬಿದ್ದಿರುತ್ತವೆ. ಒಂದು ಬಣ್ಣದ ಆಸ್ತಿಯೆಲ್ಲ ಒಬ್ಬರ ಕೈ ಸೇರದೆ ಮನೆ ಕಟ್ಟುವಂತಿಲ್ಲ, ಮನೆ ಏಳದೆ ಬಾಡಿಗೆ ಏರುವುದಿಲ್ಲ, ಬಾಡಿಗೆ ಏರದೆ ಆಟ ಮುಂದೆ ಸಾಗುವುದಿಲ್ಲ.

ಇನ್ನೊಂದು, ಫ್ರೀ ಪಾರ್ಕಿಂಗ್. ದಂಡ, ತೆರಿಗೆಯ ಹಣವನ್ನೆಲ್ಲ ಪಟದ ನಡುವೆ ರಾಶಿ ಹಾಕಿ, ಆ ಚೌಕಕ್ಕೆ ಬಂದವರಿಗೆ ಕೊಡುವ ರೂಢಿ ಎಲ್ಲೆಡೆ ಇದೆ. ಪುಸ್ತಿಕೆಯ ಪ್ರಕಾರ ಆ ಚೌಕದಲ್ಲಿ ಏನೂ ಆಗುವುದಿಲ್ಲ. ಯಾಕೆಂದರೆ ದಂಡದ ಹಣ ಬ್ಯಾಂಕಿಗೆ ಹೋಗಿ ಆಟದಿಂದ ಹೊರಬೀಳಬೇಕು. ಅದು ಮತ್ತೆ ಆಟಗಾರರ ಕೈಗೇ ಬಂದರೆ ದಿವಾಳಿಯಾಗಬೇಕಾದವರು ಉಳಿದುಕೊಳ್ಳುತ್ತಾರೆ. ಉಳಿದವರೆಲ್ಲ ದಿವಾಳಿಯಾದಾಗ ಮಾತ್ರ ಮುಗಿಯುವ ಆಟದಲ್ಲಿ ಇಂಥ ಔದಾರ್ಯಕ್ಕೆ ತೆರುವ ಬೆಲೆ ಒಂದೆರಡು ತಾಸು.

ಮನೆಗಳ ಎಣಿಕೆಯನ್ನೂ ಗಮನಿಸಿ. ಪೆಟ್ಟಿಗೆಯಲ್ಲಿರುವುದು 32 ಮನೆ, 12 ಹೋಟೆಲು. ಮನೆ ಖಾಲಿಯಾದರೆ ಚೀಟಿ ಬರೆದು ಲೆಕ್ಕ ಹಿಡಿಯುವಂತಿಲ್ಲ, ಯಾರಾದರೂ ವಾಪಸು ಕೊಡುವ ತನಕ ಕಾಯಬೇಕು. ಮೂರು ಮೂರು ಆಸ್ತಿಯ ಎರಡು ಬಣ್ಣ ನಿಮ್ಮ ಕೈಯಲ್ಲಿದ್ದು, ಹೋಟೆಲಿಗೆ ಏರದೆ ಪ್ರತಿಯೊಂದರ ಮೇಲೂ ನಾಲ್ಕು ಮನೆ ಇಟ್ಟುಕೊಂಡರೆ 24 ಮನೆ ನಿಮ್ಮಲ್ಲೇ ಸಿಕ್ಕಿಕೊಳ್ಳುತ್ತವೆ. ಉಳಿದವರಿಗೆಲ್ಲ ಸೇರಿ ಎಂಟು. ಇದು ಮೋಸವಲ್ಲ, ಆಟದೊಳಗಿನ ಅತಿ ಗಟ್ಟಿ ತಂತ್ರ. ಮನೆ ಎಷ್ಟು ಬೇಕಾದರೂ ಸಿಗುತ್ತದೆ ಎಂದುಕೊಂಡು ಆಡುವವರು ಈ ಪಟ್ಟನ್ನು ನೋಡುವುದೇ ಇಲ್ಲ. ಹಾಗಾಗಿ ಸ್ವಂತ ನಿಯಮ ಸೇರಿಸುವ ಮುಂಚೆ ಪುಸ್ತಿಕೆಯಲ್ಲಿರುವಂತೆ ಎರಡು ಸಲವಾದರೂ ಆಡಿ. ಒಂದು ನಿಯಮ ಅನ್ಯಾಯ ಎನಿಸಿದರೆ, ಅದು ಇನ್ನಾವುದನ್ನು ತಡೆಯಲು ಇದೆ ಎಂದು ಕೇಳಿಕೊಳ್ಳಿ.

ನಿಯಮದಂತೆ ಆಡಿದರೂ ಮೊನೊಪಲಿಯಲ್ಲಿ ಒಂದು ಕೊರತೆ ಉಳಿಯುತ್ತದೆ. ಮೊದಲು ದಿವಾಳಿಯಾದವರು ಉಳಿದವರ ಆಟ ನೋಡುತ್ತ ಕೂರಬೇಕು. 1995ರ ಕಟಾನ್, 2000ದ ಕಾರ್ಕಸೋನ್, 2004ರ ಟಿಕೆಟ್ ಟು ರೈಡ್ ಮೂರರಲ್ಲೂ ಕೊನೆಯ ತನಕ ಎಲ್ಲರೂ ಆಟದಲ್ಲಿರುತ್ತಾರೆ. ಹೊಸದಾಗಿ ಶುರು ಮಾಡುವವರಿಗೆ ಈ ಮೂರರಲ್ಲಿ ಯಾವುದಾದರೂ ಆಗಬಹುದು.

ಈಗ ಆಟಗಾರರ ಸಂಖ್ಯೆ. ಪೆಟ್ಟಿಗೆಯ ಮೇಲೆ '2–5' ಎಂದಿದ್ದರೆ ಅಷ್ಟು ಜನ ಆಡಬಹುದು ಎಂದರ್ಥ, ಎಷ್ಟೇ ಜನರಿದ್ದರೂ ಆಟ ಒಂದೇ ಥರ ಇರುತ್ತದೆ ಎಂದಲ್ಲ. ಸರದಿಗೊಂದು ಬಿಲ್ಲೆ ಜೋಡಿಸುತ್ತ ನಕ್ಷೆ ಬೆಳೆಸುವ ಕಾರ್ಕಸೋನ್‌ನಲ್ಲಿ 72 ಬಿಲ್ಲೆಗಳಿವೆ. ಒಂದನ್ನು ಮೊದಲೇ ಮೇಜಿನ ಮೇಲಿಟ್ಟರೆ ಉಳಿದದ್ದು 71. ಇಬ್ಬರೇ ಆಡಿದರೆ ಒಬ್ಬೊಬ್ಬರಿಗೆ ಸುಮಾರು 35 ಸರದಿ. ದೊಡ್ಡ ನಗರ ಕಟ್ಟುವ ಯೋಜನೆ ಹಾಕಬಹುದು, ಎದುರಾಳಿಯ ನಗರ ಮುಚ್ಚದಂತೆ ಬಿಲ್ಲೆ ಇಟ್ಟು ಅವರ ಕಾಯಿಯನ್ನು ಅಲ್ಲೇ ಸಿಕ್ಕಿಸಬಹುದು. ಐವರಾದರೆ ತಲಾ 14 ಸರದಿ ಮಾತ್ರ. ನಿಮ್ಮ ಬಾರಿ ಮತ್ತೆ ಬರುವಷ್ಟರಲ್ಲಿ ನಾಲ್ಕು ಬಿಲ್ಲೆ ಬಿದ್ದು ಚಿತ್ರವೇ ಬದಲಾಗಿರುತ್ತದೆ, ದೂರದ ಯೋಜನೆಗೆ ಜಾಗವಿಲ್ಲ. ಒಂದೇ ಪೆಟ್ಟಿಗೆಯಲ್ಲಿ ಎರಡು ಬಗೆಯ ಆಟ! ನಮ್ಮ ಅಭಿಪ್ರಾಯದಲ್ಲಿ ಕಾರ್ಕಸೋನ್ ಇಬ್ಬರಿಗೆ ಅತ್ಯುತ್ತಮ, ಮೂವರಿಗೆ ಚೆನ್ನ, ಐವರಿಗೆ ಬೇರೆ ಆಟ ಹುಡುಕುವುದು ಮೇಲು.

ಕಾಯುವ ಹೊತ್ತಿನ ಲೆಕ್ಕವೂ ಇದೆ. ಒಂದು ಸರದಿಗೆ ಎರಡು ನಿಮಿಷ ಹಿಡಿದರೆ, ಐವರಿರುವಾಗ ಪ್ರತಿಯೊಬ್ಬರೂ ಎರಡು ನಿಮಿಷ ಆಡಿ ಎಂಟು ನಿಮಿಷ ಕಾಯುತ್ತಾರೆ. ಎಂಟು ನಿಮಿಷ ಸುಮ್ಮನಿದ್ದವರು ಫೋನು ತೆಗೆಯುತ್ತಾರೆ, ಫೋನು ತೆಗೆದವರಿಗೆ ಪಟದ ಸ್ಥಿತಿ ಮತ್ತೆ ಅರ್ಥವಾಗಬೇಕು, ಅವರ ಸರದಿ ಎರಡಿದ್ದದ್ದು ಮೂರು ನಿಮಿಷವಾಗುತ್ತದೆ. ಮರಳು ಗಡಿಯಾರ ಇಟ್ಟು ಒತ್ತಡ ಹೇರುವುದಕ್ಕಿಂತ, ಒಬ್ಬರ ಸರದಿಯ ಕೊನೆಯ ಕೆಲಸ (ಎಲೆ ಎತ್ತಿಕೊಳ್ಳುವುದು, ಅಂಕ ಗುರುತು ಮಾಡುವುದು) ನಡೆಯುವಾಗಲೇ ಮುಂದಿನವರು ಶುರು ಮಾಡುವ ರೂಢಿ ಹೆಚ್ಚು ಫಲ ಕೊಡುತ್ತದೆ.

ಹೊಸಬರಿಗೆ ಆಟ ಕಲಿಸುವಾಗ ಪುಸ್ತಿಕೆಯನ್ನು ಮೊದಲ ಪುಟದಿಂದ ಗಟ್ಟಿಯಾಗಿ ಓದಬೇಡಿ. ಪುಸ್ತಿಕೆ ಇರುವುದು ಸಂಶಯ ಬಂದಾಗ ನೋಡಲಿಕ್ಕೆ, ಕೇಳಿಸಿಕೊಂಡು ಕಲಿಯಲಿಕ್ಕಲ್ಲ. ಜನ ಬಂದು ಕೂರುವ ಮೊದಲೇ ಪಟ ಹಾಸಿ, ಕಾಯಿ ಜೋಡಿಸಿ ಇಟ್ಟಿರಿ. ಗೆಲ್ಲುವುದು ಹೇಗೆ ಎಂಬುದನ್ನು ಮೊದಲು ಹೇಳಿ, ನಂತರ ಆಟ ಯಾವಾಗ ಮುಗಿಯುತ್ತದೆ, ಆಮೇಲೆ ನಿಮ್ಮ ಸರದಿಯಲ್ಲಿ ಏನೇನು ಮಾಡಬಹುದು. ಟಿಕೆಟ್ ಟು ರೈಡ್ ಆದರೆ ಇಷ್ಟು ಸಾಕು: "ನಕ್ಷೆಯ ಮೇಲೆ ರೈಲು ಹಾಕಿದ್ದಕ್ಕೂ, ಕೈಲಿರುವ ಟಿಕೆಟ್ಟಿನ ಊರುಗಳನ್ನು ಜೋಡಿಸಿದ್ದಕ್ಕೂ ಅಂಕ. ಯಾರದಾದರೂ 45 ರೈಲುಗಳಲ್ಲಿ ಎರಡು ಅಥವಾ ಅದಕ್ಕಿಂತ ಕಡಿಮೆ ಉಳಿದರೆ ಎಲ್ಲರಿಗೂ ಇನ್ನೊಂದೇ ಸರದಿ. ನಿಮ್ಮ ಬಾರಿ ಬಂದಾಗ ಎಲೆ ಎತ್ತಿಕೊಳ್ಳಿ, ಇಲ್ಲವೇ ರೈಲು ಹಾಕಿ, ಇಲ್ಲವೇ ಹೊಸ ಟಿಕೆಟ್ ತಗೊಳ್ಳಿ." ಉಳಿದ ಒಳಸುಳಿಗಳನ್ನು ಆಯಾ ಸಂದರ್ಭ ಬಂದಾಗ ಹೇಳಬಹುದು. ಆದರೆ ಅಂಕವನ್ನು ತಿರುಗುಮುರುಗು ಮಾಡುವ ನಿಯಮವನ್ನು ಮಾತ್ರ ತಡಮಾಡದೆ ಹೇಳಿಬಿಡಿ. ಪೂರ್ತಿಯಾಗದ ಟಿಕೆಟ್ಟಿನ ಅಂಕ ಕೊನೆಗೆ ಕಳೆಯಲಾಗುತ್ತದೆ ಎಂದು ಆಟ ಮುಗಿದ ಮೇಲೆ ತಿಳಿದವರು ಮತ್ತೆ ಆ ಮೇಜಿಗೆ ಬರಲಿಕ್ಕಿಲ್ಲ.

ಜೋಡಣೆಯಲ್ಲಾಗುವ ತಪ್ಪಿಗೆ 2008ರ ಪ್ಯಾಂಡೆಮಿಕ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಊರೂರಿಗೆ ಹಬ್ಬುವ ಕಾಯಿಲೆಗಳನ್ನು ತಡೆಯುವ ಈ ಆಟದಲ್ಲಿ ಎಲ್ಲರೂ ಒಂದೇ ಪಕ್ಷ, ಎದುರಾಳಿ ಎಂದರೆ ಎಲೆಯ ಕಟ್ಟುಗಳು. ಮೂವರು ಸುಲಭದ ಮಟ್ಟದಲ್ಲಿ ಆಡುತ್ತಿದ್ದೀರಿ ಎನ್ನಿ. 48 ಊರಿನ ಎಲೆ, 5 ಘಟನೆಯ ಎಲೆ ಕಲಸಿ ಒಬ್ಬೊಬ್ಬರಿಗೆ ಮೂರರಂತೆ ಹಂಚಿದ ಮೇಲೆ 44 ಉಳಿಯುತ್ತವೆ. ಅವನ್ನು 11ರ ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿಗೂ ಒಂದು ಎಪಿಡೆಮಿಕ್ ಎಲೆ (ಕಾಯಿಲೆ ಒಮ್ಮೆಲೇ ಉಲ್ಬಣಿಸುವ ಎಲೆ) ಸೇರಿಸಿ, ಆ ಗುಂಪನ್ನಷ್ಟೇ ಕಲಸಿ, ಒಂದರ ಮೇಲೊಂದು ಪೇರಿಸಬೇಕು. ಮತ್ತೆ ಎಲ್ಲವನ್ನೂ ಸೇರಿಸಿ ಕಲಸಬಾರದು. ಹೀಗೆ ಮಾಡಿದಾಗ ಪ್ರತಿ 12 ಎಲೆಗಳಲ್ಲಿ ಒಂದು ಎಪಿಡೆಮಿಕ್ ಖಂಡಿತ. ಎಲ್ಲವನ್ನೂ ಒಟ್ಟಿಗೆ ಕಲಸಿದರೆ ನಾಲ್ಕೂ ಶುರುವಿನಲ್ಲೇ ಬಂದು ಅರ್ಧ ತಾಸಿನೊಳಗೆ ಸೋಲಬಹುದು, ಇಲ್ಲವೇ ಎಲ್ಲವೂ ತಳದಲ್ಲಿ ಕೂತು ಆಟಕ್ಕೆ ಬಿಸಿಯೇ ಏರದಿರಬಹುದು.

ಎಪಿಡೆಮಿಕ್ ಬಂದಾಗ ಇನ್ನೊಂದು ತಪ್ಪು ಕಾದಿರುತ್ತದೆ. ಯಾವ ಊರಿಗೆ ಕಾಯಿಲೆ ತಗಲುತ್ತದೆ ಎಂದು ತೋರಿಸುವವು ಸೋಂಕಿನ ಎಲೆಗಳು. ಆ ತನಕ ಬಳಸಿ ಬದಿಗಿಟ್ಟ ಸೋಂಕಿನ ಎಲೆಗಳನ್ನು ಮಾತ್ರ ಕಲಸಿ, ಸೋಂಕಿನ ಕಟ್ಟಿನ ಮೇಲ್ಭಾಗದಲ್ಲಿ ಇಡಬೇಕು. ಇಡೀ ಕಟ್ಟಿನೊಳಗೆ ಬೆರೆಸಬಾರದು. ಆಗಲೇ ಕಾಯಿಲೆ ಬಿದ್ದ ಊರುಗಳೇ ಮತ್ತೆ ಮತ್ತೆ ಬೀಳುತ್ತವೆ, "ಈ ಊರು ಇನ್ನು ತಡೆಯದು" ಎಂದು ಮೊದಲೇ ಅಂದಾಜು ಮಾಡಿ ಅತ್ತ ಓಡಬಹುದು. ಪ್ಯಾಂಡೆಮಿಕ್‌ನ ಜೀವ ಇರುವುದು ಈ ಅಂದಾಜಿನಲ್ಲೇ. ಎಲೆಗಳನ್ನು ಒಟ್ಟಿಗೆ ಬೆರೆಸಿದವರಿಗೆ ಉಳಿಯುವುದು ಬರೀ ಅದೃಷ್ಟ.

ಇಂಥ ಸಹಕಾರದ ಆಟಗಳಲ್ಲಿ ಒಬ್ಬ ಜಾಣರು ಎಲ್ಲರ ನಡೆಯನ್ನೂ ತಾವೇ ಹೇಳತೊಡಗಿದರೆ ಉಳಿದವರು ಬರೀ ಕಾಯಿ ಸರಿಸುವ ಕೈಗಳಾಗುತ್ತಾರೆ. ಸರದಿ ಯಾರದೋ ಅವರೇ ಮೊದಲು ತಮ್ಮ ಯೋಚನೆ ಹೇಳಬೇಕು, ಅವರು ಕೇಳಿದ ಮೇಲಷ್ಟೇ ಸಲಹೆ ಎಂಬ ಕಟ್ಟುಪಾಡು ಶುರುವಿನಲ್ಲೇ ಹಾಕಿಕೊಳ್ಳಿ. ಆಟ ಬಲ್ಲವರು ನೀವೇ ಆದರೆ ಬಾಯಿ ಬಿಗಿಹಿಡಿಯುವ ಹೊಣೆಯೂ ನಿಮ್ಮದೇ. ತಪ್ಪು ನಡೆಯಿಂದ ಸೋತರೂ ಚಿಂತೆಯಿಲ್ಲ, ಅದು ಅವರ ನಡೆ.

ಎಲೆ ಕಲಸುವುದನ್ನು ಬಹಳ ಮಂದಿ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಕಟ್ಟನ್ನು ಎರಡು ಪಾಲು ಮಾಡಿ ಅಂಚುಗಳನ್ನು ಒಂದರೊಳಗೊಂದು ಇಳಿಬಿಡುವ ರಿಫಲ್ ವಿಧಾನದಲ್ಲಿ, 52 ಎಲೆಗಳು ಸಾಕಷ್ಟು ಬೆರೆಯಲು ಏಳು ಸಲ ಬೇಕೆಂದು ಗಣಿತಜ್ಞರಾದ ಡೇವ್ ಬೇಯರ್ ಮತ್ತು ಪರ್ಸಿ ಡಯಾಕೋನಿಸ್ 1992ರಲ್ಲಿ ತೋರಿಸಿದರು. ಕಟ್ಟು ಎರಡರಷ್ಟು ದಪ್ಪವಾದರೆ ಇನ್ನೊಂದೆರಡು ಸಲ ಸಾಕು. ಕೈಯಲ್ಲಿ ಹಿಡಿದು ಮೇಲಿನಿಂದ ಸ್ವಲ್ಪ ಸ್ವಲ್ಪವೇ ಕೆಳಗೆ ಜಾರಿಸುವ ವಿಧಾನ ತೀರಾ ದುರ್ಬಲ, ಏಕೆಂದರೆ ಅಕ್ಕಪಕ್ಕ ಇದ್ದ ಎಲೆಗಳು ಅಕ್ಕಪಕ್ಕವೇ ಉಳಿಯುತ್ತವೆ. ಟಿಕೆಟ್ ಟು ರೈಡ್‌ನಲ್ಲಿ ಇದು ಎದ್ದು ಕಾಣುತ್ತದೆ. ಎಂಟು ಬಣ್ಣದ ತಲಾ 12 ಎಲೆ, 14 ಎಂಜಿನ್ ಎಲೆ ಸೇರಿ 110. ದಾರಿ ಕಟ್ಟಲು ನಾಲ್ಕು ಕೆಂಪು, ಆರು ಹಸಿರು ಎಂದು ಒಂದೇ ಬಣ್ಣದ ಎಲೆಗಳನ್ನು ಒಟ್ಟಿಗೆ ಬಿಡುತ್ತೇವೆ. ಹಾಗಾಗಿ ಬಳಸಿದ ಎಲೆಗಳ ಕಟ್ಟಿನಲ್ಲಿ ಒಂದೇ ಬಣ್ಣ ಗುಂಪುಗುಂಪಾಗಿ ಕೂತಿರುತ್ತದೆ. ಅರೆಬರೆ ಕಲಸಿದರೆ ಎರಡನೇ ಸುತ್ತಿನಲ್ಲಿ ಆ ಗುಂಪುಗಳೇ ಮೇಲೆ ಬರುತ್ತವೆ. ಮೊದಲು ಎಲೆಗಳನ್ನು ಮೇಜಿನ ಮೇಲೆ ಕವುಚಿ ಹರಡಿ ಎರಡೂ ಅಂಗೈಯಿಂದ ಅರ್ಧ ನಿಮಿಷ ಸುತ್ತಾಡಿಸಿ, ಕೂಡಿಸಿ, ಆಮೇಲೆ ರಿಫಲ್ ಮಾಡಿ.

ಎಲೆಗಳಿಗೆ ಪ್ಲಾಸ್ಟಿಕ್ ಕವರು ಹಾಕುವವರು ದಪ್ಪದ ಲೆಕ್ಕ ಮಾಡಿಕೊಳ್ಳಿ. ಬದಿಗೆ 100 ಮೈಕ್ರಾನಿನ ಕವರು ಒಂದು ಎಲೆಗೆ 0.2 ಮಿಲಿಮೀಟರ್ ಸೇರಿಸುತ್ತದೆ. 110 ಎಲೆಯ ಕಟ್ಟಿನ ಎತ್ತರ 22 ಮಿಲಿಮೀಟರ್ ಹೆಚ್ಚುತ್ತದೆ, ಪೆಟ್ಟಿಗೆಯ ಖಾನೆಯಲ್ಲಿ ಕೂರುವುದಿಲ್ಲ. ಪದೇ ಪದೇ ಕಲಸುವ ಕಟ್ಟಿಗೆ ಮಾತ್ರ ಹಾಕಿದರೆ ಸಾಕು. ಆದರೆ ಒಂದು ಕಟ್ಟಿನ ಕೆಲವಕ್ಕೆ ಮಾತ್ರ ಎಂದೂ ಹಾಕಬೇಡಿ, ಮುಟ್ಟಿದರೇ ಗೊತ್ತಾಗಿಬಿಡುತ್ತದೆ.

ಇನ್ನು ದಾಳ. "ನನ್ನ ಎಂಟು ಬೀಳುವುದೇ ಇಲ್ಲ" ಎಂಬುದು ಕಟಾನ್ ಆಡುವವರ ನಿತ್ಯದ ಗೋಳು. ಅದರಲ್ಲಿ ನೆಲಗಳ ಮೇಲೆ ಅಂಕೆಗಳಿರುತ್ತವೆ, ಎರಡು ದಾಳದ ಮೊತ್ತ ಆ ಅಂಕೆಯಾದರೆ ಪಕ್ಕದಲ್ಲಿ ಊರು ಇಟ್ಟವರಿಗೆ ಆ ನೆಲದ ಸರಕಿನ ಎಲೆ ಸಿಗುತ್ತದೆ. ಎರಡು ದಾಳ ಬೀಳುವ ಬಗೆ 36. ಅದರಲ್ಲಿ ಏಳು ಆರು ಬಗೆಯಲ್ಲಿ ಬರುತ್ತದೆ, ಆರು ಮತ್ತು ಎಂಟು ತಲಾ ಐದು ಬಗೆಯಲ್ಲಿ, ಎರಡು ಮತ್ತು ಹನ್ನೆರಡು ಒಂದೊಂದೇ ಬಗೆಯಲ್ಲಿ. ಸತತ 20 ಸಲ ದಾಳ ಹಾಕಿದರೂ ಒಮ್ಮೆಯೂ ಎಂಟು ಬೀಳದಿರುವ ಸಾಧ್ಯತೆ ನೂರಕ್ಕೆ ಸುಮಾರು 5. ಆಟ ಆಡುತ್ತಲೇ ಇರುವವರಿಗೆ ಇದು ಒಮ್ಮೆಯಲ್ಲ ಒಮ್ಮೆ ಎದುರಾಗಲೇಬೇಕು. ದಾಳದಲ್ಲಿ ದೋಷವಿಲ್ಲ.

ಕಟಾನ್‌ನ ಅಂಕೆಯ ಬಿಲ್ಲೆಗಳ ಮೇಲಿನ ಚುಕ್ಕೆಗಳು ಈ ಬಗೆಗಳ ಎಣಿಕೆಯೇ. ಮೊದಲ ಊರು ಇಡುವಾಗ ಸುತ್ತಲಿನ ಮೂರು ನೆಲಗಳ ಚುಕ್ಕೆ ಕೂಡಿಸಿ. 6, 9, 4 ಇರುವ ಮೂಲೆಯಲ್ಲಿ 5 + 4 + 3, ಒಟ್ಟು 12. ಅಂದರೆ ಸರಾಸರಿ ಮೂರು ಎಸೆತಕ್ಕೊಂದು ಎಲೆ. 5, 5, 9 ಇರುವ ಮೂಲೆಯಲ್ಲೂ ಚುಕ್ಕೆ ಹನ್ನೆರಡೇ, ಸರಾಸರಿಯೂ ಅದೇ. ಆದರೆ ಅಲ್ಲಿ ಏನಾದರೂ ಸಿಗುವ ಎಸೆತಗಳು 36ರಲ್ಲಿ ಎಂಟು ಮಾತ್ರ. ಸಿಕ್ಕಾಗ ಜೋಡಿ ಸಿಗುತ್ತದೆ, ಇಲ್ಲವಾದರೆ ಬಹಳ ಹೊತ್ತು ಬರಗಾಲ. ಕೈಯಲ್ಲಿ ಏಳಕ್ಕಿಂತ ಹೆಚ್ಚು ಎಲೆ ಇದ್ದು ಏಳು ಬಿದ್ದರೆ ಅರ್ಧ ಕಳೆದುಕೊಳ್ಳಬೇಕಾದ ಆಟದಲ್ಲಿ, ಒಮ್ಮೆಲೇ ಬರುವ ಸುಗ್ಗಿಗಿಂತ ಸಣ್ಣಗೆ ಬರುತ್ತಲೇ ಇರುವುದು ಲೇಸು. ನೆಲಗಳ ಹಂಚಿಕೆಯನ್ನೂ ನೋಡಿ: 19ರಲ್ಲಿ ಮರ, ಗೋಧಿ, ಕುರಿ ತಲಾ ನಾಲ್ಕು, ಇಟ್ಟಿಗೆ ಮತ್ತು ಅದಿರು ತಲಾ ಮೂರು, ಒಂದು ಮರುಭೂಮಿ. ಶುರುವಿನ ರಸ್ತೆಗೂ ಊರಿಗೂ ಇಟ್ಟಿಗೆ ಬೇಕು, ಆದ್ದರಿಂದ ಒಳ್ಳೆ ಅಂಕೆಯ ಇಟ್ಟಿಗೆ ನೆಲ ಕಂಡರೆ ಬಿಡಬೇಡಿ.

ಕಂಪ್ಯೂಟರ್ ಗೇಮುಗಳು ಈ ದಾಳದ ಸಂಕಟವನ್ನು ಒಳಗೊಳಗೇ ತಿದ್ದುತ್ತವೆ. 2002ರ 'ದಿ ಬೈಂಡಿಂಗ್ ಬ್ಲೇಡ್'ನಿಂದ ಶುರುವಾಗಿ ಫೈರ್ ಎಂಬ್ಲಮ್ ಸರಣಿಯ ಹಲವು ಆಟಗಳಲ್ಲಿ ಏಟು ತಗುಲುವುದೋ ಇಲ್ಲವೋ ಎಂದು ನಿರ್ಧರಿಸಲು ಎರಡು ಸಂಖ್ಯೆ ತೆಗೆದು ಅವುಗಳ ಸರಾಸರಿ ಹಿಡಿಯುತ್ತಾರೆ. ಪರದೆಯ ಮೇಲೆ ಶೇ. 90 ಎಂದಿದ್ದರೂ ನಿಜದಲ್ಲಿ ಅದು ಶೇ. 98. ತೊಂಬತ್ತು ಕಂಡರೆ ತಗುಲಿಯೇ ತೀರುತ್ತದೆ ಎಂದು ನಂಬುವ ನಮ್ಮ ಮನಸ್ಸಿಗೆ ಹೊಂದಿಸಿದ ಲೆಕ್ಕ ಅದು. ಅಲೆಕ್ಸಿ ಪಾಜಿಟ್ನೊವ್ 1984ರಲ್ಲಿ ಮಾಡಿದ ಟೆಟ್ರಿಸ್‌ನ ಈಚಿನ ರೂಪಗಳಲ್ಲಿ ಏಳು ಆಕಾರಗಳನ್ನೂ ಒಂದು ಚೀಲಕ್ಕೆ ಹಾಕಿದಂತೆ ಕಲಸಿ ಒಂದೊಂದಾಗಿ ಕೊಡುತ್ತಾರೆ, ಚೀಲ ಖಾಲಿಯಾದ ಮೇಲೆ ಹೊಸ ಚೀಲ. ಉದ್ದನೆಯ ಕಡ್ಡಿಗಾಗಿ ಎಷ್ಟೇ ಕಾದರೂ ನಡುವೆ 12ಕ್ಕಿಂತ ಹೆಚ್ಚು ಬೇರೆ ತುಂಡು ಬರುವಂತಿಲ್ಲ. ಇದು ಗೊತ್ತಿದ್ದವರು ಗುಂಡಿಯನ್ನು ಎಷ್ಟು ಹೊತ್ತು ತೆರೆದಿಡಬಹುದು ಎಂದು ಎಣಿಸಿಯೇ ಆಡುತ್ತಾರೆ.

ಕಂಪ್ಯೂಟರಿನಲ್ಲಿ ಆಟ ಎಡವುತ್ತಾ ಸಾಗುತ್ತಿದ್ದರೆ ಮೊದಲು ಮಾಡಬೇಕಾದ ಪರೀಕ್ಷೆ ಒಂದು ನಿಮಿಷದ್ದು. ರೆಸಲ್ಯೂಶನ್ ಇಳಿಸಿ ನೋಡಿ. ಸೆಕೆಂಡಿಗೆ ಬರುವ ಫ್ರೇಮುಗಳು (ಚಿತ್ರಗಳು) ಏರಿದರೆ ಭಾರ ಬೀಳುತ್ತಿರುವುದು ಗ್ರಾಫಿಕ್ಸ್ ಕಾರ್ಡಿನ ಮೇಲೆ. ಏರದಿದ್ದರೆ ತಡವಾಗುತ್ತಿರುವುದು ಪ್ರೊಸೆಸರಿನಲ್ಲಿ, ಆಗ ಎಷ್ಟು ರೆಸಲ್ಯೂಶನ್ ಇಳಿಸಿದರೂ ಲಾಭವಿಲ್ಲ. ಜನಸಂದಣಿ, ದೂರದ ನೋಟ, ಒಮ್ಮೆಲೇ ಓಡಾಡುವ ಪಾತ್ರಗಳ ಸಂಖ್ಯೆ ಇವನ್ನು ತಗ್ಗಿಸಬೇಕು. ಗ್ರಾಫಿಕ್ಸ್ ಕಾರ್ಡಿಗೇ ಭಾರವಾಗಿದ್ದರೆ ಮೊದಲು ನೆರಳು ಮತ್ತು ಪ್ರತಿಬಿಂಬ ಇಳಿಸಿ. ಟೆಕ್ಸ್ಚರ್ (ವಸ್ತುಗಳ ಮೈಮೇಲೆ ಹೊದಿಸುವ ಚಿತ್ರ) ಇಳಿಸಲು ಆತುರ ಬೇಡ. ಕಾರ್ಡಿನ ಮೆಮರಿಯಲ್ಲಿ ಹಿಡಿಸುವ ತನಕ ಅದು ವೇಗಕ್ಕೆ ಹೆಚ್ಚೇನೂ ಅಡ್ಡಿಯಾಗುವುದಿಲ್ಲ, ಹಿಡಿಸದಿದ್ದಾಗ ಮಾತ್ರ ಆಟ ತಟ್ಟನೆ ನಿಂತು ನಿಂತು ಸಾಗುತ್ತದೆ.

ಫ್ರೇಮಿನ ಸರಾಸರಿ ಸಂಖ್ಯೆಗಿಂತ ಸಮನಾದ ಅಂತರ ಮುಖ್ಯ. 60 ಹರ್ಟ್ಸ್ ಪರದೆ 16.7 ಮಿಲಿಸೆಕೆಂಡಿಗೊಮ್ಮೆ ಚಿತ್ರ ಬದಲಿಸುತ್ತದೆ. ಪರದೆಗೆ ಹೊಂದಿಸಿ ಚಿತ್ರ ಕಳಿಸುವ ವಿ-ಸಿಂಕ್ ಹಾಕಿ ಆಟವನ್ನು 45 ಫ್ರೇಮಿನಲ್ಲಿ ಓಡಿಸಿದರೆ, ಮೂರು ಫ್ರೇಮುಗಳಲ್ಲಿ ಎರಡು ಒಂದೊಂದೇ ಸಲ, ಇನ್ನೊಂದು ಎರಡು ಸಲ ಕಾಣುತ್ತದೆ. ಕಣ್ಣಿಗೆ ಇದು ಕುಂಟುವ ಹಾಗೆ ತೋರುತ್ತದೆ. ಅದಕ್ಕಿಂತ 30ಕ್ಕೆ ಮಿತಿ ಹಾಕಿದರೆ ಪ್ರತಿ ಚಿತ್ರವೂ ಸಮನಾಗಿ 33.3 ಮಿಲಿಸೆಕೆಂಡ್ ನಿಂತು ನೋಟ ಹದವಾಗಿರುತ್ತದೆ. 120 ಹರ್ಟ್ಸ್ ಪರದೆಯಾದರೆ 40ಕ್ಕೆ ಮಿತಿ ಹಾಕಿ, ಮೂರಕ್ಕೊಂದರಂತೆ ಸರಿಯಾಗಿ ಕೂರುತ್ತದೆ.

ಲ್ಯಾಪ್‌ಟಾಪಿನಲ್ಲಿ ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ವೇಗ ಕುಸಿದರೆ ಕಾರಣ ಶಾಖ. ಯಂತ್ರ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಹಾಸಿಗೆಯ ಮೇಲಿಟ್ಟು ಆಡಬೇಡಿ, ಹಿಂಬದಿಯನ್ನು ಒಂದೆರಡು ಸೆಂಟಿಮೀಟರ್ ಎತ್ತರಿಸಿ, ಫ್ರೇಮಿಗೆ ಮಿತಿ ಹಾಕಿ. ಹೆಚ್ಚು ಹರ್ಟ್ಸಿನ ಮಾನಿಟರ್ ತಂದವರು ಇನ್ನೆರಡು ನೋಡಿಕೊಳ್ಳಿ: ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಅದು ಇನ್ನೂ 60ರಲ್ಲೇ ಇದೆಯೇ, ಕೇಬಲ್ಲು ಗ್ರಾಫಿಕ್ಸ್ ಕಾರ್ಡಿನ ಬದಲು ಮದರ್‌ಬೋರ್ಡಿಗೆ ಸಿಕ್ಕಿಸಿದೆಯೇ. ಟಿವಿಗೆ ಜೋಡಿಸಿ ಆಡುವವರು ಗೇಮ್ ಮೋಡ್ ಹಾಕಲೇಬೇಕು. ಇಲ್ಲವಾದರೆ ಟಿವಿ ಚಿತ್ರವನ್ನು ತಿದ್ದಿ ತೀಡುವ ಹೊತ್ತಿನಲ್ಲಿ ಗುಂಡಿ ಒತ್ತಿದ್ದು ತಡವಾಗಿ ಕಾಣುತ್ತದೆ, ತಪ್ಪು ಕೈಯದು ಎಂದು ಕೊರಗುತ್ತೀರಿ.

ಪಾತ್ರದ ಕಣ್ಣಿನಿಂದ ನೋಡುವ ಆಟಗಳಲ್ಲಿ ತಲೆ ಸುತ್ತಿ ವಾಕರಿಕೆ ಬರುವವರು ಆಟವನ್ನೇ ಬಿಡಬೇಕಿಲ್ಲ. ಹತ್ತಿರ ಕೂತು ನೋಡುವ ಪರದೆಯಲ್ಲಿ ನೋಟದ ಕೋನ 60 ಡಿಗ್ರಿಯಷ್ಟು ಕಿರಿದಾಗಿದ್ದರೆ ಹಲವರಿಗೆ ತೊಂದರೆಯಾಗುತ್ತದೆ. ಫೀಲ್ಡ್ ಆಫ್ ವ್ಯೂ ಎಂಬಲ್ಲಿ ಅದನ್ನು 90ರ ಆಸುಪಾಸಿಗೆ ಏರಿಸಿ, ಮೋಷನ್ ಬ್ಲರ್ (ಚಲನೆಯಲ್ಲಿ ಚಿತ್ರ ಮಸುಕಾಗಿಸುವುದು) ಮತ್ತು ನಡೆಯುವಾಗ ಕ್ಯಾಮೆರಾ ಕುಲುಕುವ ಆಯ್ಕೆ ಎರಡನ್ನೂ ಬಂದ್ ಮಾಡಿ. ವಾಕರಿಕೆ ಶುರುವಾದ ಕೂಡಲೇ ನಿಲ್ಲಿಸಿ, ಹಟ ಹಿಡಿದು ಮುಂದುವರಿಸಿದರೆ ಇನ್ನಷ್ಟು ಹೆಚ್ಚುತ್ತದೆ.

ಕೊನೆಯದು ಸೇವ್ ಫೈಲು. ಹತ್ತಾರು ತಾಸಿನ ಆಟ ಒಂದೇ ಫೈಲಿನಲ್ಲಿ ಇರಬಾರದು. ಮೂರು ಜಾಗ ಇಟ್ಟುಕೊಂಡು ಸರದಿಯ ಮೇಲೆ ಬಳಸಿ, ಹೋರಾಟದ ನಡುವೆ ಮಾಡಿದ ಸೇವ್ ಒಂದನ್ನೇ ನಂಬಬೇಡಿ. ಸೋಲು ಖಚಿತವಾದ ಕ್ಷಣವೇ ಅದರಲ್ಲಿ ಉಳಿದಿದ್ದರೆ ಹಿಂದೆ ಹೋಗಲು ದಾರಿ ಇರುವುದಿಲ್ಲ. ಸಿವಿಲೈಸೇಶನ್‌ನಂಥ ಸರದಿಯ ಆಟಗಳಲ್ಲಿ ಆಟೋಸೇವ್ ಅನ್ನು ಪ್ರತಿ ಸರದಿಗೂ ಹೊಂದಿಸಬಹುದು. ಕ್ಲೌಡಿನಲ್ಲಿ ಇದೆಯಲ್ಲ ಎಂದು ನಿಶ್ಚಿಂತರಾಗುವಂತಿಲ್ಲ, ಏಕೆಂದರೆ ಅದು ಪ್ರತಿ ಇಡುವುದಕ್ಕಿಂತ ಎರಡು ಕಡೆಯನ್ನೂ ಒಂದೇ ಥರ ಮಾಡುವ ಏರ್ಪಾಡು. ಕೆಟ್ಟ ಫೈಲು ಇಲ್ಲಿದ್ದರೆ ಅಲ್ಲಿಗೂ ಹೋಗುತ್ತದೆ. ಎರಡು ಯಂತ್ರದಲ್ಲಿ ಆಡುವವರಿಗೆ "ಯಾವುದನ್ನು ಉಳಿಸಬೇಕು?" ಎಂಬ ಪ್ರಶ್ನೆ ಬಂದಾಗ ಒತ್ತುವ ಮೊದಲು ದಿನಾಂಕ, ಗಂಟೆ ಓದಿ. ಮಾಡ್ (ಆಟಕ್ಕೆ ಹೊರಗಿನವರು ಮಾಡಿದ ಮಾರ್ಪಾಡು) ಹಾಕಿಕೊಂಡು ಆಡುವವರಂತೂ ಆಟ ಅಪ್‌ಡೇಟ್ ಆಗುವ ಮುಂಚೆ ಸೇವ್ ಫೋಲ್ಡರನ್ನು ಬೇರೆ ಡ್ರೈವಿಗೆ ನಕಲು ಮಾಡಿ, ಫೋಲ್ಡರಿನ ಹೆಸರಿನಲ್ಲಿ ಆಟದ ಆವೃತ್ತಿ ಸಂಖ್ಯೆ ಬರೆದಿಡಿ. ಹೊಸ ಆವೃತ್ತಿಯಲ್ಲಿ ಮಾಡ್ ಕೆಲಸ ಮಾಡದಿದ್ದರೆ, ಯಾವ ಹಳೆಯ ಆವೃತ್ತಿಗೆ ಹಿಂದಿರುಗಬೇಕು ಎಂಬುದು ಆ ಸಂಖ್ಯೆಯಿಂದಲೇ ತಿಳಿಯುತ್ತದೆ.